ಪ್ರಶ್ನೆ ಹದಿನಾಲ್ಕು

ನಮ್ಮ ಸಂಶೋಧನಾ ಕೇಂದ್ರ ಅಂದರೆ
ಶಹಾಬಾದಿನ ಸ್ಟೇಷನ್ ರಸ್ತೆಯಲ್ಲಿ, ಜೆರಾಕ್ಸ್ ಅಂಗಡಿಯ ಮೇಲೆ
ಎರಡು ಕೋಣೆ, ಮೂರು ಜನ,
ಒಂದು ಕೂಲರು. ಅದೂ ಪ್ರೊಫೆಸರ್ ಹೊನಗುಂಟಿಯವರ ಮನೆಯದು.

ಮೊದಲು ಕಾಗದವಿತ್ತು.
ಊರಿಗೊಂದು ಗಂಟು, ಗಂಟಿಗೊಂದು ಚೀಟಿ.
ಏಳನೇ ಊರನ್ನು ಗೆದ್ದಲು ತಿಂದಿತು,
ನೂರಾ ಎರಡು ಮನೆ, ಉಸಿರಿನ ಅಳತೆ ಸಮೇತ.
ಉಳಿದದ್ದು ಸುತಳಿ.

ಈಗ ಎಲ್ಲ ದೂರದ ಒಂದು ಸರ್ವರಿನಲ್ಲಿದೆ.
ನಮ್ಮದಲ್ಲ. ತಿಂಗಳ ಬಾಡಿಗೆ.
ನಮ್ಮಂಥ ಸಣ್ಣವರಿಗೆಂದೇ ಯಾರೋ ಕಟ್ಟಿಟ್ಟ ಮನೆ:
ಬೀಗ ಅವರದು, ಕಾವಲು ಅವರದು,
ನಡುರಾತ್ರಿ ಕೆಟ್ಟರೆ ರಿಪೇರಿಯೂ ಅವರದೇ.
ಪ್ರಶ್ನೆಗಳು ಮಾತ್ರ ನಮ್ಮವು.
ಅವನ್ನು ಕನ್ನಡದಲ್ಲಿ ಕುಟ್ಟಿದವಳು ನಾನು,
ಒಂದು ಇಡೀ ಶ್ರಾವಣ, ಒತ್ತಕ್ಷರ ಒಡೆಯದ ಹಾಗೆ.

ಪ್ರಶ್ನೆ ಹದಿನಾಲ್ಕು:
ಕಳೆದ ಮೂವತ್ತು ದಿನಗಳಲ್ಲಿ ಎಷ್ಟು ದಿನ ಕೆಮ್ಮು ಇತ್ತು?
ಮೂವತ್ತೊಂದು ಹಾಕಿದರೆ ಪರದೆ ಕೆಂಪಾಗುತ್ತದೆ.

ಫರ್ಸಿ ಪಾಲಿಶ್ ಮಾಡುವ ಖುತೇಜಾಬಿ
ಬಾಯಿ ಒರೆಸಿಕೊಂಡು ನಕ್ಕಳು.
ಕಣ್ಣರೆಪ್ಪೆಯ ಮೇಲೂ ಕಲ್ಲಿನ ಹಿಟ್ಟು.
"ಕೆಮ್ಮು ಬಂದ ದಿನ ಯಾಕ ಕೇಳ್ತಿ ಬೇಟಿ,
ಬಿಟ್ಟ ದಿನ ಕೇಳು. ಎಣಸ್ಲಕ್ಕ ಸಸಾರ."
ಆಮೇಲೆ ಟ್ಯಾಬಿಗೆ ಇಣುಕಿ,
"ಇದ್ರಾಗ ಹಾಕಿದ್ದು ಎಲ್ಲಿಗಿ ಹೋಗ್ತದ?"
ಒಂದು ಬಾಡಿಗಿ ಖೋಲಿಗೆ, ಅಂದೆ.
"ಬಾಡಿಗಿ ಯಾರ್ ಕೊಡ್ತಾರ?"
ಒಪ್ಪಿಗೆ ಪತ್ರದಲ್ಲಿ ಅದಕ್ಕೆ ಉತ್ತರ ಇರಲಿಲ್ಲ.

ಸಂಜೆ ಕಾಗಿಣಾ ಸೇತುವೆಯ ಮೇಲೆ ಸಿಗ್ನಲ್ ಸಿಕ್ಕಿತು.
ಲಾರಿಗಳು ಸಿಮೆಂಟು ಉದುರಿಸುತ್ತ ಹೋಗುವಾಗ
ಕಟ್ಟೆಗೆ ಒರಗಿ ಹದಿನಾಲ್ಕನ್ನು ತಿದ್ದಿದೆ:
ಕೆಮ್ಮು ಇಲ್ಲದ ದಿನ ಎಷ್ಟು?
ಒಂದು ಗುಂಡಿ ಒತ್ತಿದ್ದಷ್ಟೇ,
ಮರ್ತೂರಿನಲ್ಲಿದ್ದ ಮಾಳಿಂಗರಾಯನ ಟ್ಯಾಬಿನಲ್ಲೂ ಬದಲಾಯಿತು.
ಕಾಗದಕ್ಕೆ ಈ ವಿದ್ಯೆ ಬರುತ್ತಿರಲಿಲ್ಲ.
ಸುಳ್ಳು ಯಾಕೆ, ಹೆಮ್ಮೆ ಅನ್ನಿಸಿತು.

ಆದರೆ ಹಿಂದಿನ ಇನ್ನೂರ ಹನ್ನೊಂದು ಜನರ ಮುಂದೆ
ಹೊಸ ಕಾಲಂ ಖಾಲಿ.
"ಮೂವತ್ತರಾಗ ಕಳಿ, ಸಿಗ್ತದ" ಅಂದರು ಪ್ರೊಫೆಸರ್.
ಕಳೆದೆ. ಹಳಬರ ಲೆಕ್ಕ ಹೊಸಬರ ಹತ್ತಿರವೂ ಬರಲಿಲ್ಲ.
ಮತ್ತೆ ಬಸ್ಸು ಹತ್ತಿದೆ.
ಕೆಮ್ಮಿದ ದಿನ ಹತ್ತು ಎಂದಿದ್ದ ಭೀಮಶಾ
ಕೆಮ್ಮದ ದಿನ ಎರಡು ಅಂದ.
ಹತ್ತು ಮತ್ತೆರಡು ಹನ್ನೆರಡು.
ಉಳಿದ ಹದಿನೆಂಟು?
"ಅವು ಕೆಲ್ಸದ ದಿನ ಅಲ್ಲೇನ್ರೀ.
ಮಷೀನ್ ಮುಂದ ಎಲ್ಲಾರೂ ಕೆಮ್ತಾರ.
ಅದ್ಕ ಕೆಮ್ಮು ಅಂತಾರೇನು?"

ಮಾರ್ಚ್ ಬಂತು, ಅನುದಾನ ಬರಲಿಲ್ಲ.
ಬಾಡಿಗೆ ಕಟ್ಟದಿದ್ದರೆ ಮೂವತ್ತು ದಿನಕ್ಕೆ ಅಳಿಸುತ್ತೇವೆಂದು
ಬಹಳ ಸಭ್ಯವಾದ ಪತ್ರ ಬಂತು.
ಮತ್ತೆ ಅದೇ ಮೂವತ್ತು.
ಹೊನಗುಂಟಿಯವರು ಕನ್ನಡಕ ತೆಗೆದಿಟ್ಟು
ತಮ್ಮ ಪೆನ್ಶನ್ನಿನಿಂದ ಮೂರು ತಿಂಗಳದ್ದು ಕಟ್ಟಿದರು,
ಅವರ ಮನೆಯಲ್ಲಿ ಹೇಳಬಾರದೆಂದರು.

ಅಷ್ಟಾದರೂ ನನಗೆ ನಂಬಿಕೆ ಹುಟ್ಟಲಿಲ್ಲ.
ಎಲ್ಲವನ್ನೂ ಒಂದು ಪೆನ್‌ಡ್ರೈವಿಗೆ ಇಳಿಸಿಕೊಂಡೆ.
ಹನ್ನೊಂದು ಊರಿನ ಕೆಮ್ಮು
ನನ್ನ ತಂಗಿಯ ಮದುವೆಯ ಒಂದು ಫೋಟೊದಷ್ಟೂ ಭಾರವಿಲ್ಲ.

ಅದನ್ನು ಪರ್ಸಿನಲ್ಲಿಟ್ಟುಕೊಂಡು
ಬಾಡಿಗೆ ಯಾರು ಕೊಡ್ತಾರೆಂದು ಹೇಳಿಬರಲು
ಖುತೇಜಾಬಿಯ ಓಣಿಗೆ ಹೋದೆ.
ಬಾಗಿಲಿಗೆ ಚಿಲಕ.
ಕೆಲಸದ ದಿನವಾಗಿತ್ತು.