ಹತ್ತು ಲಕ್ಷ ಬೆರಳು

ತೇಮಾ ಬಂದರಿನ ಏಳನೇ ಶೆಡ್ಡಿನಲ್ಲಿ
ಇಪ್ಪತ್ತಾರು ವರ್ಷ ಮುದ್ರೆ ಒತ್ತಿದವಳು ನಾನು.
ಅಕ್ಕಿ, ಟಯರು, ಹಳೆಯ ಫ್ರಿಜ್ಜು, ಕೋಳಿಕಾಲು,
ಒಮ್ಮೆ ಯಾರದೋ ಪಿಯಾನೊ,
ಎಲ್ಲವೂ ನನ್ನ ಬಲಗೈ ಕೆಳಗೆ ಹಾದು
ಘಾನಾದೊಳಗೆ ಹೋದವು.
ಧಡ್. ಒಂದು ಸದ್ದು. ಆಮೇಲೆ ಗೇಟು.

ಈ ವರ್ಷ ಕಾಗದ ನಿಂತಿತು.
ಮುದ್ರೆಗಳನ್ನೆಲ್ಲ ಗೋಣಿಚೀಲಕ್ಕೆ ತುಂಬಿ ಒಯ್ದರು,
ಮರದ ಹಿಡಿಕೆಗಳು ಒಂದಕ್ಕೊಂದು ತಾಗಿ ಲೊಟಲೊಟ ಅಂದವು.
ಗೋಡೆಗೆ ಬ್ಯಾನರು ಬಂತು:
‘ಹತ್ತು ಲಕ್ಷ ಬೆರಳು, ಒಂದು ದೇಶ.’
ಆರು ವಾರ ತರಬೇತಿ; ಪಾಸಾಗದವರಿಗೆ ‘ಬೇರೆ ವ್ಯವಸ್ಥೆ’
ಅಂದಿತ್ತು ಸುತ್ತೋಲೆ, ಕೊನೆಯ ಸಾಲಲ್ಲಿ, ಸಣ್ಣಕ್ಷರದಲ್ಲಿ.
ಲೆಕ್ಕ ಹಾಕಿದೆವು, ಬಿಡುತ್ತೇವೆಯೇ, ಸುಂಕದವರು ನಾವು:
ಹತ್ತು ಲಕ್ಷ ಬೆರಳೆಂದರೆ ಲಕ್ಷ ಜನ ಮಾತ್ರ.
ಮಿಕ್ಕವರು?
ಕ್ರೇನಿನ ಸರಪಳಿಗೆ ಮೂರು ಬೆರಳು ಕೊಟ್ಟ ಕೊಬ್ಲಾ
ಕೈಯೆತ್ತಿ ಹೇಳಿದ:
‘ನನ್ನನ್ನು ಏಳು ಅಂತ ಬರೆದುಕೊಳ್ಳಿ.’

ಕಲಿಸಲು ಬಂದ ಹುಡುಗಿ ಸೆಲಾಸಿ.
ನನ್ನ ಕಿರಿಮಗಳ ವಯಸ್ಸು, ನನ್ನ ಅರ್ಧ ಸಂಬಳ.
ಅದನ್ನವಳು ಹೇಳಲಿಲ್ಲ, ಬಸ್ಸಿನ ಚಿಲ್ಲರೆ
ಎರಡು ಸಲ ಎಣಿಸುವುದ ಕಂಡು ನಾನೇ ಓದಿಕೊಂಡೆ.
‘ಮೆಲ್ಲಗೆ, ಆಂಟಿ ದೆಡೆ, ಅದು ಮುದ್ರೆಯಲ್ಲ,’ ಅನ್ನುತ್ತಾಳೆ;
ನಾನು ಎಂಟರ್ ಒತ್ತಿದರೆ ಪಕ್ಕದವರ ಚಹಾ ತುಳುಕುತ್ತದೆ.
ಎರಡು ಸಲ ಒತ್ತು ಅಂದರೆ
ನನ್ನ ಎರಡರ ನಡುವೆ
ಒಂದು ಲಾರಿ ದಾಟುವಷ್ಟು ಬಿಡುವು.
ಬಾಣದ ಗುರುತು ಪರದೆಯಂಚಿಗೆ ಓಡಿ ಅವಿತುಕೊಳ್ಳುತ್ತದೆ
ಸುಂಕ ತಪ್ಪಿಸಿದವನ ಹಾಗೆ.

ನಾಲ್ಕನೇ ದಿನ, ಅರವತ್ತು ಸಾಲು ತುಂಬಿಸಿದ್ದೆ,
ಕರೆಂಟು ಹೋಯಿತು.
ದುಮ್ಸೊ ಅನ್ನುತ್ತೇವೆ ಇದಕ್ಕೆ: ಆರಿಸು, ಹೊತ್ತಿಸು.
ಅರವತ್ತೂ ಹೋದವು.
ಸುಂಕದವರ ಮುಂದೆ ಸುಖದುಃಖ ಹೇಳಬಾರದಂತೆ;
ಸುಂಕದವಳು ಯಾರ ಮುಂದೆ ಹೇಳಿಕೊಳ್ಳಬೇಕು?
ಕತ್ತಲಲ್ಲಿ ಕೊಬ್ಲಾ ಏಳೂ ಬೆರಳಿಂದ
ಸತ್ತ ಕೀಲಿಮಣೆ ಕುಟ್ಟುತ್ತ ಕೂತ,
‘ರೂಢಿಯಾಗಲಿ’ ಅಂತ.
ಒಬ್ಬೊಬ್ಬರಾಗಿ ನಾವೂ ಕುಟ್ಟಿದೆವು.
ಹೊರಗೆ ಜೋಳದ ಕೆಂಕೆ ಮಾರುವವಳು
ತಗಡಿನ ಮೇಲೆ ಮಳೆ ಬಂತೆಂದು
ಬುಟ್ಟಿಗೆ ಪ್ಲಾಸ್ಟಿಕ್ಕು ಹೊದಿಸಿದಳಂತೆ.

ಐದನೇ ವಾರ, ಒಂದು ಸಂಜೆ,
ನೂರಾ ನಲವತ್ತು ಕಂಟೇನರು
ಕುರ್ಚಿ ಬಿಟ್ಟೇಳದೆ ಬಿಟ್ಟುಕೊಟ್ಟೆ.
ಸದ್ದಿಲ್ಲದೆ ಮುಗಿದ ಕೆಲಸವನ್ನು
ಮುಗಿಯಿತೆಂದು ಮೈಗೆ ಹೇಳುವವರು ಯಾರು?
ಎದ್ದು ಹೋಗಿ ಕಿಟಕಿಯಲ್ಲಿ ನೋಡಿ ಬಂದೆ.
ಹೌದು, ಲಾರಿಗಳು ಹೊರಟಿದ್ದವು.

ಕೊನೆಗೆ ಪ್ರಮಾಣಪತ್ರ.
ದಪ್ಪ ಕಾಗದ, ಬಂಗಾರದಂಚು, ಯಾರದೋ ರುಜು.
ಕೆಳಗೊಂದು ದುಂಡನೆ ಖಾಲಿ ಜಾಗ:
‘ಕಚೇರಿಯ ಮುದ್ರೆಯಿಲ್ಲದೆ ಊರ್ಜಿತವಲ್ಲ.’

ಮೊದಲು ಯಾರೂ ನಗಲಿಲ್ಲ.
ಸೆಲಾಸಿ ಫೋನು ಮಾಡಿದಳು, ಕಾದಳು, ಮತ್ತೆ ಮಾಡಿದಳು.
ಗೋಣಿಚೀಲ ಎಲ್ಲಿಗೆ ಹೋಯಿತೋ ಯಾರಿಗೂ ಗೊತ್ತಿಲ್ಲ.

ನನ್ನ ಊಟದ ಡಬ್ಬಿಯಡಿ, ಕರವಸ್ತ್ರದಲ್ಲಿ,
ಒಂದಿತ್ತು.
ಶೆಡ್ಡಿನ ಲೆಕ್ಕದಲ್ಲಿ ಇಪ್ಪತ್ತೆಂಟು, ಚೀಲಕ್ಕೆ ಬಿದ್ದದ್ದು ಇಪ್ಪತ್ತೇಳು;
ಅವರು ಎಣಿಸಲಿಲ್ಲ, ನಾನು ಹೇಳಲಿಲ್ಲ.
ಒಣಗಿದ ಇಂಕುಪ್ಯಾಡಿಗೆ ಕೊಬ್ಲಾ ನೀರು ಚಿಮುಕಿಸಿದ.
ಮೂವತ್ತೊಂದು ಪತ್ರ. ಧಡ್. ಧಡ್.
ತಾರೀಖಿನ ಗಾಲಿ ತುಕ್ಕು ಹಿಡಿದು
ಕಾಗದ ನಿಂತ ದಿನದಲ್ಲೇ ನಿಂತಿತ್ತು,
ಹಾಗಾಗಿ ದಾಖಲೆಯ ಪ್ರಕಾರ
ಪಾಠ ಶುರುವಾಗುವ ಮೊದಲೇ ನಾವೆಲ್ಲ ಕಲಿತಿದ್ದೆವು.

ಸೆಲಾಸಿಗೆ ಪತ್ರವಿರಲಿಲ್ಲ.
ಅವಳ ಒಪ್ಪಂದ ಅಂದೇ ಸಂಜೆ ಐದಕ್ಕೆ ಮುಗಿಯುತ್ತಿತ್ತು.
ನಗುತ್ತ ಅಂಗೈ ಚಾಚಿದಳು.
ಮೆಲ್ಲಗೆ ಒತ್ತಿದೆ,
ಅವಳು ಹೇಳಿಕೊಟ್ಟ ಹಾಗೆ.