ಕರಗಿದ ಬಾಬ್ತು

ಮಲ್ಪೆ ಬಂದರಿನ ಐಸ್ ಪ್ಲಾಂಟಿನಲ್ಲಿ
ಹದಿಮೂರು ವರ್ಷದಿಂದ ಲೆಕ್ಕ ಬರೆಯುವವಳು ನಾನು.
ಎಷ್ಟು ಬ್ಲಾಕು ಹೊರಟಿತು, ಎಷ್ಟು ಬೋಟಿಗೆ ಇಳಿಯಿತು,
ನಡುವೆ ಎಷ್ಟು ನೀರಾಯ್ತು,
ಅದಕ್ಕೂ ಒಂದು ಕಾಲಂ ಉಂಟು: ಕರಗಿದ ಬಾಬ್ತು.
ನೂರಕ್ಕೆ ಐದು. ಮೇ ತಿಂಗಳಲ್ಲಿ ಏಳು.
ಅದಕ್ಕಿಂತ ಹೆಚ್ಚಾದರೆ ಐಸು ಕರಗಿದ್ದಲ್ಲ,
ಯಾರೋ ಇಳಿಸಿಕೊಂಡದ್ದು ಅಂತ
ಹಳೆ ರೈಟರು ಕೊಗ್ಗಣ್ಣ ಕಲಿಸಿದ ಪಾಠ.

ಆದರೆ ನನ್ನದೇ ಪಾಸ್‌ಬುಕ್ಕು
ಹನ್ನೊಂದು ತಿಂಗಳು ತೊಟ್ಟಿಕ್ಕಿದ್ದು
ನನಗೇ ಗೊತ್ತಾಗಲಿಲ್ಲ.

ಗೊತ್ತಾದದ್ದು ಒಂದು ಶುಕ್ರವಾರ ರಾತ್ರಿ,
ಬಂಗುಡೆಗೆ ಮಸಾಲೆ ಹಚ್ಚಿದ ಕೈಯ ಕಿರುಬೆರಳಲ್ಲಿ
ಫೋನಿನ ಮೆಸೇಜು ಅಳಿಸುವಾಗ.
ನಾನೂರ ತೊಂಬತ್ತೊಂಬತ್ತು. ಅದರ ಕೆಳಗೆ
ನಾನೂರ ತೊಂಬತ್ತೊಂಬತ್ತು.
ಪೂರ್ವಿಗೆ ಮಗ್ಗಿ ಕಲಿಸುವ ಆ್ಯಪು.
ಏಳು ದಿನ ಪುಕ್ಕಟೆ ಅಂದಿತ್ತು,
ಒಂದೇ ರೂಪಾಯಿ, ಬರೇ ಗುರುತಿಗೆ ಅಂದಿತ್ತು.
ಎಂಟನೆಯ ದಿನ ಅತ್ತೆಯ ಕಣ್ಣಿನ ಆಪರೇಷನ್,
ಒಂಬತ್ತಕ್ಕೆ ಗ್ಯಾಸು, ಹತ್ತಕ್ಕೆ ಯೂನಿಫಾರ್ಮು,
ಇವರು ಬೋಟಿನಲ್ಲಿ, ನೆಟ್‌ವರ್ಕಿನ ಆಚೆ.
ಪೂರ್ವಿ ಮಗ್ಗಿ ಕಲಿತದ್ದು
ಉಡುಪಿ ಬಸ್ಸಿನಲ್ಲಿ, ನನ್ನ ತೊಡೆಯ ಮೇಲೆ.

ನಿಲ್ಲಿಸುವ ಗುಂಡಿ ಹುಡುಕಿದೆ.
ಬೇಕು ಎಂಬುದು ಹಸಿರು, ಹಲಸಿನಷ್ಟು ದೊಡ್ಡದು.
ಬೇಡ ಎಂಬುದು ಬೂದಿ ಬಣ್ಣ, ಬೂತಾಯಿಯ ಮುಳ್ಳು.
ಒತ್ತಿದರೆ ಒಂದು ಆನೆಮರಿ ಬಂದು ಅಳುತ್ತದೆ:
"ಮಗುವಿನ ಭವಿಷ್ಯಕ್ಕಿಂತ ಹಣ ಹೆಚ್ಚೇ, ಅಮ್ಮಾ?"
ಅದಕ್ಕೆ ಗೊತ್ತು, ಯಾರ ಹತ್ತಿರ ಅಳಬೇಕೆಂದು.
ಅಪ್ಪಾ ಎನ್ನಲಿಲ್ಲ.

ಬರೆದು ಕೇಳಿದೆ. ಉತ್ತರಿಸಿದ್ದು ಮನುಷ್ಯರಲ್ಲ.
"ನಿಮ್ಮ ಬೇಸರ ನಮಗೆ ಅರ್ಥವಾಗುತ್ತದೆ."
ಮೂರು ಸಲ ಅರ್ಥವಾಯಿತು ಅದಕ್ಕೆ.
ದುಡ್ಡಿನ ಮಾತು ಒಂದು ಸಲವೂ ಇಲ್ಲ.

ಮರುದಿನ ಬುತ್ತಿ ಬಿಚ್ಚದೆ ಬ್ಯಾಂಕಿಗೆ ಓಡಿದೆ.
"ಎಲ್ಲರೂ ಹೀಗೇ ಮೇಡಂ, ನೋಡದೆ ಒತ್ತುದು"
ಅಂದ ಕೌಂಟರಿನ ಹುಡುಗ.
ಎಲ್ಲರೂ ಅಂದರೆ ಯಾರು ಮಾರಾಯ?
ಸ್ವಲ್ಪ ಹೊತ್ತು ಕೀಬೋರ್ಡು ನೋಡಿದ.
"ನನ್ನ ಅಮ್ಮನೂ" ಅಂದ.
ಆಟೋಪೇ ನಿಲ್ಲಿಸಿಕೊಟ್ಟ.

ಗ್ರಾಹಕ ಸಹಾಯವಾಣಿಗೆ ಫೋನಾಯಿಸಿದ್ದು ಜೆಟ್ಟಿಯಲ್ಲಿ ನಿಂತು.
ಅದರ ಸಂಗೀತ ಮುಗಿಯುವಷ್ಟರಲ್ಲಿ
ಅರವತ್ತೆರಡು ಬ್ಲಾಕು ಎಣಿಸಿ ಇಳಿಸಿದ್ದೆ.
ದೂರಿನ ನಂಬರು ಬರೆದುಕೊಂಡದ್ದು ಅಂಗೈಯಲ್ಲಿ.

ರಾತ್ರಿ ಕಂಪೆನಿಗೆ ಕಾಗದ. ಕಣ್ಣೀರಿನದಲ್ಲ, ರೈಟರಿನದು.
ತಾರೀಕು. ಮೊತ್ತ. ಆ್ಯಪು ಕೊನೆಯ ಸಲ ತೆರೆದ ದಿನ.
ಪುಕ್ಕಟೆ ಮುಗಿಯಿತೆಂದು ನೀವು ತಿಳಿಸಿದ್ದೆಲ್ಲಿ, ತೋರಿಸಿ.
ಸರಕು ಇಳಿದಿಲ್ಲ, ಬಿಲ್ಲು ಮಾತ್ರ ಇಳಿದಿದೆ.
ಒಟ್ಟು ಐದು ಸಾವಿರದ ನಾನೂರ ಎಂಬತ್ತೊಂಬತ್ತು.
ಕೆಳಗೆ ಅಂಗೈಯ ನಂಬರು,
ಅದರ ಕೆಳಗೆ ನನ್ನ ಪೂರ್ತಿ ಹೆಸರು:
ವಿಲಾಸಿನಿ ಮೆಂಡನ್, ಲೆಕ್ಕ ವಿಭಾಗ.

ಮೊದಲು ಬಂದದ್ದು ಎರಡು ತಿಂಗಳದ್ದು, "ಸದ್ಭಾವನೆಯಿಂದ."
ಸದ್ಭಾವನೆ ಕೇಳಲಿಲ್ಲ ನಾನು, ಬಾಕಿ ಕೇಳಿದ್ದು.
ಮತ್ತೆ ಬರೆದೆ. ಇಪ್ಪತ್ತು ದಿನಕ್ಕೆ ಇನ್ನಾರು ಬಂತು.
ಮೂರು ಬರಲಿಲ್ಲ.
"ಹೋಗಲಿ, ಅದನ್ನು ಕರಗಿದ ಬಾಬ್ತಿಗೆ ಹಾಕು"
ಅಂದರು ಇವರು, ದಡಕ್ಕೆ ಬಂದ ದಿನ, ಗಂಜಿಯೆದುರು ಕೂತು.
ನೂರಕ್ಕೆ ಇಪ್ಪತ್ತೇಳು ಕರಗುವ ಐಸು
ಯಾವ ಊರಿನದು?
ಸೋಮವಾರ ಸೋಮವಾರ ಬರೆಯುತ್ತಿದ್ದೇನೆ.

ಈಗ ಊಟದ ಹೊತ್ತಿಗೆ
ಮೀನು ಕೊಯ್ಯುವ ಶೆಡ್ಡಿನಿಂದ ಖೈರುನ್ನೀಸಾ, ರೀಟಾಬಾಯಿ
ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಫೋನು ಹಿಡಿದು ಬರುತ್ತಾರೆ.
ಒಬ್ಬಳದ್ದು ಜಾತಕ, ಒಬ್ಬಳದ್ದು ತೂಕ ಇಳಿಸುವುದು.
ಇಳಿದದ್ದು ಎಂತ ಎಂದು ಕೇಳಿದರೆ
ಪರದೆಯ ಮೇಲಿನ ಹುರುಪೆ ಒರೆಸಿ ನಗುತ್ತಾಳೆ.

ನಿನ್ನೆ ಶನಿವಾರ, ಅರ್ಧ ದಿನದ ಶಾಲೆ ಮುಗಿಸಿ
ಪೂರ್ವಿ ನನ್ನ ಮೇಜಿನ ಬಳಿ ಇದ್ದಳು.
ರೀಟಾಬಾಯಿಯ ಮಗನ ಫೋನಿನಲ್ಲೂ ಅದೇ ಆನೆಮರಿ.
"ಇದು ಇನ್ನೂ ಅಳ್ತಾ ಉಂಟಾ? ಇದರ ಅಮ್ಮ ಎಲ್ಲಿ?"
"ಕೆಲಸಕ್ಕೆ ಹೋಗಿರಬೇಕು" ಅಂದೆ.
ಸರಿ, ಎಂದು ಅವಳೇ
ಬೂದಿ ಬಣ್ಣದ್ದನ್ನು ಒತ್ತಿದಳು.