ನೀರು ನೋಡಿದ ಬಾಬ್ತು

ಆಡಿಟ್‌ಗೆ ಬಂದವರು ಹದಿನೇಳನೇ ಓಚರಿನ ಮೇಲೆ
ಕೆಂಪು ಪೆನ್ನಿಟ್ಟರು:
"ನೀರು ನೋಡಿದ ಬಾಬ್ತು, ಹಮ್ಮು ಗೌಡ, ಐನೂರು ರೂಪಾಯಿ,
ಒಂದು ತೆಂಗಿನಕಾಯಿ.
ಇದು ಯಾವ ಹೆಡ್ಡಿಗೆ ಬರುತ್ತದೆ, ಅಕ್ಕೋರೆ?
ಇಂಗ್ಲಿಷಿನಲ್ಲಿ ಬರೆದುಕೊಡಿ, ನೋಡೋಣ."

ತೋಡೂರಿನ ಕಾಲನಿ ಶಾಲೆಯಲ್ಲಿ ಇಂಗ್ಲಿಷಿಗೆ ಇರುವವಳು ನಾನೊಬ್ಬಳೇ.
ಡೌಸಿಂಗ್, ಎಂದು ಬರೆದೆ.
ಬರೆದ ಮೇಲೆ ಸಂಶಯ: ಡಬ್ಲ್ಯೂ ಇರಬೇಕಾದಲ್ಲಿ ಯು ಬಿತ್ತೇ?
ಯು ಬಿದ್ದರೆ ನೀರೆರಚಿ ಬೆಂಕಿ ಆರಿಸುವುದು,
ಡಬ್ಲ್ಯೂ ಇದ್ದರೆ ನೀರು ಹುಡುಕುವುದು.
ನಮ್ಮ ಬಾಯಿಗೆ ಎರಡೂ ಒಂದೇ.

ಕಪಾಟಿನಿಂದ ದಪ್ಪ ಡಿಕ್ಷನರಿ ಇಳಿಸಿದೆ.
ಉಪ್ಪುಗಾಳಿಗೆ ಹಾಳೆಗಳು
ತೆರೆದಿಟ್ಟ ಹಪ್ಪಳದ ಹಾಗೆ ಮೆತ್ತಗೆ.
ಬೆರಳಿಟ್ಟು ಇಳಿದೆ, ಒಂದೊಂದೇ ಪದ, ಒಂದೊಂದೇ ಮೆಟ್ಟಿಲು.
ತಳದಲ್ಲಿ ಓರೆ ಅಕ್ಷರದಲ್ಲಿ ಇಷ್ಟೇ:
ಮೂಲ ಗೊತ್ತಿಲ್ಲ.

ಅದರ ನೆಂಟರೆಲ್ಲ ಕುಲಸ್ಥರು.
ಡಿವೈನ್ ಎಂಬುದನ್ನು ಅಗೆದರೆ ಲ್ಯಾಟಿನ್ನಿನ ಕೆಳಗೆ
ನಮ್ಮ ದೇವನ ದಾಯಾದಿ ಸಿಗುತ್ತಾನೆ.
ವಾಂಡ್, ಅದೇ ಮಂತ್ರದಂಡ, ಹುಟ್ಟುವಾಗ ಬರೀ ಬಳುಕುವ ಎಳೆಗೋಲು,
ತಿರುಗು, ಸುತ್ತು ಎಂಬ ಮಾತುಗಳ ತಂಗಿ;
ಮಾಟಗಾರನ ಕೈ ಸೇರಿದ್ದು ಎಷ್ಟೋ ಕಾಲದ ಮೇಲೆ.
ಇದಕ್ಕೆ ಮಾತ್ರ ಅಪ್ಪನಿಲ್ಲ, ಅಮ್ಮನಿಲ್ಲ.
ಮುನ್ನೂರು ವರ್ಷದ ಹಿಂದೆ ಯಾರೋ ಕಾಗದಕ್ಕೆ ಇಳಿಸಿದರು.
ಗಣಿ ಅಗೆಯುವವರ ಬಾಯಿಂದ ಬಂದಿರಬಹುದು.
ಯಾವ ಗುಡ್ಡ, ಯಾವ ಕೇರಿ,
ಕೇಳಿಟ್ಟವರಿಲ್ಲ.

ಗೌಡರು ಬಂದದ್ದು ಬಿಸಿಯೂಟದ ಹೊತ್ತಿಗೆ.
ಲಕ್ಕಿ ಗಿಡದ ಕವಲು ಮುರಿದು, ಎಲೆ ಸವರಿ,
ಎರಡು ತುದಿ ಎರಡು ಮುಷ್ಟಿಯಲ್ಲಿ,
ಬರಿಗಾಲು.
ತಟ್ಟೆ ತೊಳೆಯದ ಕೈಗಳಲ್ಲೇ ಮಕ್ಕಳು ಹಿಂದೆ.
ಧ್ವಜದ ಕಟ್ಟೆ ದಾಟಿದರು, ಮೂತ್ರಿಖಾನೆ ದಾಟಿದರು,
ಕೋಲು ಸುಮ್ಮನಿತ್ತು.
ಸೈಕಲ್ ನಿಲ್ಲಿಸುವಲ್ಲಿ ಎಳೆಯಿತು ನೋಡಿ,
ದೊಡ್ಡ ಮೀನು ಗಾಳ ಕಚ್ಚಿದ ಹಾಗೆ,
ಅಂಗೈ ಚರ್ಮ ಹಿಂಡಿ.

"ಹ್ಯಾಗೆ ಗೌಡ್ರೆ?" ಎಂದೆ.
"ನಂಗೆಂತ ಗುತ್ತು ಅಕ್ಕೋರೆ. ಕೋಲ್ಗೆ ಗುತ್ತು."
ಪಾವತಿಗೆ ಬೇಕಲ್ಲ, ಕೇಳಿದೆ: "ಮೂಲ ಊರು?"
ಅವರು ಗುಡ್ಡದಾಚೆಗೆ ಗದ್ದ ಎತ್ತಿದರು.
ಅಲ್ಲಿ ನೌಕಾನೆಲೆಯ ಗೋಡೆ, ಮುಳ್ಳುತಂತಿ,
ಒಂದು ಕ್ರೇನಿನ ಕುತ್ತಿಗೆ.
"ಹಿತ್ಲಲ್ಲಿ ಬಾವಿ ಇತ್ತು. ನಾನೇ ನೋಡಿದ್ದು, ನಾನೇ ತೋಡಿದ್ದು.
ಸಮುದ್ರ ಹತ್ತೇ ಮಾರು. ನೀರು ಮಾತ್ರ ಎಳನೀರು."
ಮತ್ತೇನೂ ಹೇಳಲಿಲ್ಲ.
ಊರಿನ ಜಾಗ ಖಾಲಿ ಬಿಟ್ಟು ಹೆಬ್ಬೆಟ್ಟು ಒತ್ತಿಸಿದೆ.

ಡಬ್ಲ್ಯೂ ತಿದ್ದಿ ಓಚರು ಕೊಟ್ಟೆ.
ಆಡಿಟರು ಡಿಕ್ಷನರಿಯನ್ನೂ ಓದಿದರು:
"ಮೂಲವೇ ಗೊತ್ತಿಲ್ಲ ಅನ್ನುತ್ತದಲ್ಲ.
ದಾಖಲೆ ಇಲ್ಲದ್ದಕ್ಕೆ ದುಡ್ಡು ಹೇಗೆ?"

ಹೊರಗೆ, ಸೈಕಲ್ಲುಗಳನ್ನು ಬೇಲಿಗೆ ಸರಿಸಿ ತೋಡಿದ ಬಾವಿಗೆ
ಯಾರೋ ಹುಡುಗಿ ಕೊಡ ಇಳಿಬಿಟ್ಟ ಸದ್ದು.
ಐದು ಕೋಲಿಗೇ ನೀರು. ತುಸು ಸವುಳು,
ಬೇಳೆ ಬೇಯುವುದು ತಡ.
ಒಂದು ಲೋಟ ತರಿಸಿ ಮೇಜಿನ ಮೇಲಿಟ್ಟೆ.

ಕುಡಿದರು. ಬಾಯಿ ಒರೆಸಿಕೊಂಡು,
ಕೆಂಪು ಮುಚ್ಚಿ, ನೀಲಿ ಪೆನ್ನು ತೆರೆದು,
ಬರೆದರು:
ಇತರೆ ಖರ್ಚು.